ಬಂದ ದಿನ ಲೆಕ್ಕಕ್ಕಿಲ್ಲ

ಚಿಯಾಯಿ ಪೇಟೆಯ ತೆರಿಗೆ ಕಚೇರಿ, ಮೇ ತಿಂಗಳ ಕೊನೆ.
ನನ್ನ ಚೀಟಿಯ ಸಂಖ್ಯೆ ಇನ್ನೂರ ಆರು.
ಪಕ್ಕದ ಕುರ್ಚಿಯ ಮುದುಕ ಒಂದು ಚೀಲ ಲಿಚಿ ತಂದಿದ್ದಾನೆ,
ತಿನ್ನಲಿಕ್ಕೋ ತೆರಿಗೆ ಕಟ್ಟಲಿಕ್ಕೋ ತಿಳಿಯದು.
ನನಗೂ ಎರಡು ಕೊಟ್ಟ.
ಸಿಪ್ಪೆ ಎಲ್ಲಿ ಹಾಕಬೇಕೆಂದು ಅತ್ತಿತ್ತ ನೋಡಿ
ಮುಷ್ಟಿಯಲ್ಲೇ ಇಟ್ಟುಕೊಂಡೆ.

ಅರ್ಜಿಯಲ್ಲಿ ಹೆಸರಿಗೆ ಇರುವುದು ಮೂರೇ ಮನೆ.
ಇಲ್ಲಿಯವರಿಗೆ ಸಾಕು.
ನೊಂವುಯೊ ನ್ಟ್ಲೆಬಿ ಎಂಬವಳು ಅಂಚು ದಾಟಿ
ವಿಳಾಸದ ಮೇಲೆ ಕಾಲು ಚಾಚಿ ಮಲಗಿದ್ದಾಳೆ.

ನಿಯಮವೇನೋ ಸರಳ.
ಟ್ಯೂಷನ್ ಶಾಲೆಯ ಲಿಯಾವ್ ಸಾಹೇಬರು ಮೊದಲ ವಾರವೇ
ಮಕ್ಕಳ ಸೇಬು, ಬೆಕ್ಕು, ಛತ್ರಿಗಳನ್ನು ಒರೆಸಿ
ಹಲಗೆಯ ಮೇಲೆ ಬರೆದು ತೋರಿಸಿದ್ದರು:
ವರ್ಷದಲ್ಲಿ ನೂರ ಎಂಬತ್ತಮೂರು ದಿನ ಈ ನೆಲದ ಮೇಲಿದ್ದರೆ
ನೀನು ನಮ್ಮವಳು, ಹಿಡಿದದ್ದು ವಾಪಸ್ಸು.
ಒಂದೇ ದಿನ ಕಮ್ಮಿಯಾದರೂ ನೆಂಟಳು,
ನೂರಕ್ಕೆ ಹದಿನೆಂಟು ಇಲ್ಲಿಯೇ ಬಿಡಬೇಕು.
ನಮ್ಮ ಊರಲ್ಲಿ ನೆಂಟರ ಹತ್ತಿರ ಯಾರೂ ಕಾಸು ಕೇಳುವುದಿಲ್ಲ,
ಅಂದುಕೊಂಡೆ. ಅನ್ನಲಿಲ್ಲ.

ಏಳನೇ ಕಿಟಕಿ. ತ್ಸೆಂಗ್ ಶು-ಹ್ವೇ ಎಂದು ಫಲಕ.
ತೋಳಿಗೆ ಹೂವಿನ ಗವಸು, ಪೆನ್ಸಿಲ್ ತಲೆಯಲ್ಲಿ ರಬ್ಬರ್ ಮೊಲ.
ಪಾಸ್‌ಪೋರ್ಟ್ ತೆರೆದು ಮುದ್ರೆಗಳನ್ನು ಹುಡುಕುತ್ತಾಳೆ,
ಹೇನು ನೋಡುವವರ ಹಾಗೆ, ಪುಟ ಸರಿಸಿ ಸರಿಸಿ.
ಜೂನ್ ಇಪ್ಪತ್ತೊಂದು, ಒಳಗೆ.
ಅಕ್ಟೋಬರ್ ಒಂಬತ್ತು, ಹೊರಗೆ.
ಅಕ್ಟೋಬರ್ ಇಪ್ಪತ್ತು, ಮತ್ತೆ ಒಳಗೆ.
ಯಂತ್ರ ಎದುರಿಗಿದ್ದರೂ ಮುಷ್ಟಿ ಕಟ್ಟಿ
ಗೆಣ್ಣಿನ ಮೇಲೆ ತಿಂಗಳು ಎಣಿಸಿದಳು,
ಗುಡ್ಡಕ್ಕೆ ಮೂವತ್ತೊಂದು, ತಗ್ಗಿಗೆ ಮೂವತ್ತು.
ಕೂಡಿದಳು. ಕಳೆದಳು.
ಮತ್ತೊಮ್ಮೆ ಕೂಡಿದಳು.
ಮೊಲದ ತಲೆಯಿಂದ ಅಳಿಸಿ, ಮೂರನೇ ಸಲ.

ನೂರ ಎಂಬತ್ತೆರಡು.

ಇಪ್ಪತ್ತನೇ ತಾರೀಕು ಬೆಳಗ್ಗೆ ಆರಕ್ಕೇ ಇಳಿದೆನಲ್ಲಾ, ಅಂದೆ.
ರೈಲು ಹಿಡಿದು ಬಂದು ಅದೇ ಸಂಜೆ ನಾಲ್ಕು ತರಗತಿ.
ಗೋ, ವೆಂಟ್, ಗಾನ್.
ಆ್ಯಪಲ್ ಎಂದು ತಾನೇ ಹೆಸರಿಟ್ಟುಕೊಂಡ ಹುಡುಗಿ ಕೇಳಿದ್ದಳು:
ಟೀಚರ್, ವೆಂಟ್ ಆದವರು ಬರುತ್ತಾರೆ,
ಗಾನ್ ಆದವರೂ ಬರುತ್ತಾರಾ?

ಶು-ಹ್ವೇ ನಿಯಮದ ಹಾಳೆಯನ್ನು ನನ್ನ ಕಡೆ ತಿರುಗಿಸಿ
ಬೆರಳಿಟ್ಟು, ತಾನು ಬರೆದ ತಪ್ಪೋ ಎಂಬಂತೆ ಓದಿದಳು:
ಹೋದ ದಿನ ಲೆಕ್ಕಕ್ಕುಂಟು.
ಬಂದ ದಿನ ಲೆಕ್ಕಕ್ಕಿಲ್ಲ.

ಅರವತ್ತೆಂಟು ಸಾವಿರದ ನಾನೂರು, ಈ ನಾಡಿನ ಡಾಲರು.
ಲಿಯಾವ್ ಸಾಹೇಬರಿಂದ ಟಿಕೆಟ್ಟಿಗೆಂದು ಪಡೆದ ಸಾಲ
ಅದರಲ್ಲೇ ತೀರಬೇಕಿತ್ತು.

ಏಕೆ ಹೋದೆ ಎನ್ನುವುದಕ್ಕೆ ಅರ್ಜಿಯಲ್ಲಿ ಮನೆಯಿಲ್ಲ.
ಅವಳು ಕೇಳಲೂ ಇಲ್ಲ.
ನಾನೇ, ಕೆಟ್ಟ ಚೀನೀ ಭಾಷೆಯಲ್ಲಿ, ಅಣ್ಣ, ಅಂದೆ.
ಲುಝುಕೊ. ಟ್ಯಾಕ್ಸಿ ಓಡಿಸುತ್ತಿದ್ದ.
ಮಣ್ಣು ಮಾಡಿದ ಮೇಲೆ ಹೊರಡುವವಳಿದ್ದೆ,
ಅಮ್ಮ ಒಲೆಯ ಕಡೆ ನೋಡುತ್ತಲೇ, ಇನ್ನೊಂದು ದಿನ ಇರು, ಅಂದಳು.
ಟಿಕೆಟ್ ಬದಲಿಸಿದೆ.

ಆ ದಿನ ಏನೂ ನಡೆಯಲಿಲ್ಲ.
ಅವಳು ಹಾಡುಹಗಲಲ್ಲಿ ನಿದ್ದೆಹೋದಳು, ಎಷ್ಟು ವಾರದ ಬಳಿಕವೋ.
ನಾನು ಹೊಸ್ತಿಲಲ್ಲಿ ಕೂತು ಬೀನ್ಸ್ ಬಿಡಿಸಿದೆ.
ಅಣ್ಣನ ಫೋನು ಮೇಜಿನ ಮೇಲೆ ಎರಡು ಸಲ ಹೊಡೆದುಕೊಂಡಿತು,
ಯಾರೋ ಪ್ರಯಾಣಿಕರು. ಎತ್ತಲಿಲ್ಲ.
ಸಂಜೆ ಅಮ್ಮ ಎದ್ದು, ಬೀನ್ಸ್ ಜಾಸ್ತಿಯಾಯಿತು, ಅಂದಳು.
ಅಷ್ಟೇ ಕಳೆದದ್ದು.

ಶು-ಹ್ವೇ ಮುದ್ರೆಯನ್ನು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದಳು.
ಆಮೇಲೆ ಮೆಲ್ಲಗೆ ಒತ್ತಿದಳು,
ಮಲಗಿದ್ದವರ ಹೊದಿಕೆ ಸರಿಪಡಿಸುವಷ್ಟು ಮೆಲ್ಲಗೆ.
ಕಸದ ಬುಟ್ಟಿಯನ್ನು ನನ್ನತ್ತ ಚಾಚಿದಳು:
ಲಿಚಿ ಸಿಪ್ಪೆಯನ್ನು ಯಾವಾಗಲೋ ನೋಡಿದ್ದಾಳೆ.

ಹೊರಗೆ ಟರ್ಕಿ ಕೋಳಿ ಅನ್ನದ ಅಂಗಡಿಯ ಮುಂದೆ ಸಾಲು.
ರಸೀದಿಯನ್ನು ನಾಲ್ಕಾಗಿ ಮಡಚಿ
ಅಕ್ಟೋಬರಿನ ಪುಟದೊಳಗೆ ಇಟ್ಟೆ.
ದುಬಾರಿ ದಿನ.
ಅಂಟಂಟು ಬೆರಳು, ಮುಚ್ಚಿದರೂ ಪುಟ ಕೈ ಬಿಡಲಿಲ್ಲ.